ಹವ್ಯಾಸದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಸಹ-ಮೇಂಟೇನರ್‌ಗಳನ್ನು ಕರೆಯುವುದು ಹೇಗೆ, ಅವರಿಗೆ ಎಷ್ಟು ಅಧಿಕಾರ ಕೊಡುವುದು?

ಪ್ರಶ್ನೆ

ಬಿಡುವಿನ ವೇಳೆಯಲ್ಲಿ ಬರೆದು, ಹಲವು ವರ್ಷಗಳಿಂದ ಒಬ್ಬನೇ ನೋಡಿಕೊಂಡು ಬಂದಿರುವ ಪೈಥಾನ್ ಲೈಬ್ರರಿಯೊಂದಕ್ಕೆ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಸಹ-ಮೇಂಟೇನರ್‌ಗಳನ್ನು, ಅಂದರೆ ಅದನ್ನು ಜೊತೆಗೆ ನೋಡಿಕೊಳ್ಳುವವರನ್ನು, ಹುಡುಕುತ್ತಿದ್ದೇನೆ. ಇಂಥ ಜವಾಬ್ದಾರಿಯನ್ನು ಹಂಚಿಕೊಂಡ ಅನುಭವ ಇರುವವರ ಅಭಿಪ್ರಾಯ ತಿಳಿಯಬೇಕಾಗಿದೆ.

ಲೈಬ್ರರಿಯ ಕೆಲಸ ಸಬ್‌ಟೈಟಲ್ ಕಡತಗಳನ್ನು ಓದುವುದು, ತಿದ್ದುವುದು ಮತ್ತು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸುವುದು. ಮುಖ್ಯವಾಗಿ ಎಸ್‌ಆರ್‌ಟಿ ಮತ್ತು ವೆಬ್‌ವಿಟಿಟಿ ಎರಡನ್ನು ಅದು ಬಲ್ಲದು. ಸೆಕೆಂಡಿಗೆ 23.976 ಫ್ರೇಮ್ ವೇಗದ ಚಿತ್ರಕ್ಕೆ ತಯಾರಾದ ಸಬ್‌ಟೈಟಲ್ ಅನ್ನು 25 ಫ್ರೇಮ್ ವೇಗದ ಪ್ರತಿಗೆ ಹಚ್ಚಿದಾಗ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡಿನಂತೆ ಬೆಳೆಯುತ್ತ ಹೋಗುವ ಅಂತರವನ್ನು ಸರಿಪಡಿಸುವ ಕೆಲಸವನ್ನೂ ಮಾಡುತ್ತದೆ. ಕೋಡ್ ದೊಡ್ಡದಲ್ಲ, ಬಹುಮಟ್ಟಿಗೆ ಸ್ಥಿರವಾಗಿಯೂ ಇದೆ. ಆದರೆ ಬರುವ ದೂರುಗಳಿಗೆ ಕೊನೆಯಿಲ್ಲ. ಎಸ್‌ಆರ್‌ಟಿ ಕಡತವು ತಾನು ಯಾವ ಎನ್‌ಕೋಡಿಂಗ್‌ನಲ್ಲಿದೆ (ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಯಾವ ಪದ್ಧತಿಯಲ್ಲಿದೆ) ಎಂಬುದನ್ನು ತನ್ನೊಳಗೆ ಎಲ್ಲಿಯೂ ಹೇಳಿಕೊಳ್ಳುವುದಿಲ್ಲವಾದ್ದರಿಂದ, ರಷ್ಯನ್ ಮೊದಲಾದ ಸಿರಿಲಿಕ್ ಲಿಪಿಯ ವಿಂಡೋಸ್-1251ರಲ್ಲಿ ಉಳಿಸಿದ ಕಡತವನ್ನು ಪಶ್ಚಿಮ ಯುರೋಪಿನ ಭಾಷೆಗಳ ವಿಂಡೋಸ್-1252 ಎಂದು ಓದಿದರೆ ಬಹುತೇಕ ಸಲ ಯಾವ ಎಚ್ಚರಿಕೆಯೂ ಬರದೆ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ, ಮತ್ತು ಬಳಕೆದಾರರು ಅದನ್ನು ಲೈಬ್ರರಿಯ ದೋಷವೆಂದು ವರದಿ ಮಾಡುತ್ತಾರೆ. ಅವರನ್ನು ದೂಷಿಸುವಂತಿಲ್ಲ, ಆದರೆ ಪ್ರತಿ ವರದಿಯ ಹಿಂದೆಯೂ ಒಂದು ವಿಚಿತ್ರ ಕಡತವಿರುತ್ತದೆ, ಅದನ್ನು ಬಿಚ್ಚಿ ನೋಡಲು ಒಂದು ಸಂಜೆಯೇ ಬೇಕಾಗುತ್ತದೆ.

ನನಗೆ ಈ ಕೆಲಸದಲ್ಲಿ ಆಸಕ್ತಿ ಪೂರ್ತಿ ಹೋಗಿಲ್ಲ, ಆದರೆ ಮೊದಲಿನಷ್ಟು ಸಮಯ ಉಳಿದಿಲ್ಲ. ಲೈಬ್ರರಿಯನ್ನು ಆಧರಿಸಿದ ಬೇರೆ ಕೆಲವು ಉಪಕರಣಗಳೂ ಇರುವುದರಿಂದ ಹಾಗೆಯೇ ಕೈಬಿಡುವ ಮನಸ್ಸಿಲ್ಲ. ಆದ್ದರಿಂದ ಪ್ರಾಜೆಕ್ಟ್‌ನ ಪರಿಚಯ ಕಡತವಾದ ರೀಡ್‌ಮಿಯ ಮೇಲ್ಭಾಗದಲ್ಲಿ ‘ಸಹ-ಮೇಂಟೇನರ್‌ಗಳು ಬೇಕಾಗಿದ್ದಾರೆ, ಆಸಕ್ತರು ಸಂಪರ್ಕಿಸಿ’ ಎಂದು ಬರೆದೆ. ಬಂದ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ‘ನಾನು ಏನು ಮಾಡಬಹುದು’ ಎಂದು ಕೇಳಿದಂಥವು. ತೆರೆದಿರುವ ಇಶ್ಯೂಗಳ (ದಾಖಲಾದ ದೂರು, ಬೇಡಿಕೆಗಳ) ಪಟ್ಟಿಯನ್ನು ತೋರಿಸಿದ ಮೇಲೆ ಆ ಕಡೆಯಿಂದ ಮಾತು ಮುಂದುವರಿಯಲಿಲ್ಲ. ಇನ್ನೊಬ್ಬರು ಹಿಂದೆ ಒಂದು ಸಾಲಿನ ತಿದ್ದುಪಡಿಯನ್ನೂ ಕಳುಹಿಸಿದವರಲ್ಲ, ಆದರೆ ಮೊದಲ ಪತ್ರದಲ್ಲಿಯೇ ಪೈಪಿಐನಲ್ಲಿ (ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರ) ಹೊಸ ಆವೃತ್ತಿ ಪ್ರಕಟಿಸುವ ಹಕ್ಕು ಬೇಕೆಂದು ಕೇಳಿದರು. ಇವರೆಲ್ಲರ ನಡುವೆ, ಬಹುಕಾಲದಿಂದ ಎನ್‌ಕೋಡಿಂಗ್ ದೋಷಗಳಿಗೆ ಅಚ್ಚುಕಟ್ಟಾದ ಪುಲ್ ರಿಕ್ವೆಸ್ಟ್‌ಗಳನ್ನು (ಕೋಡ್‌ಗೆ ಸೇರಿಸಿಕೊಳ್ಳಲು ಕೋರುವ ತಿದ್ದುಪಡಿಗಳನ್ನು) ಪರೀಕ್ಷೆಗಳ ಸಮೇತ ಕಳುಹಿಸುತ್ತ ಬಂದಿರುವ ಒಬ್ಬರು ಇದ್ದಾರೆ. ಅವರು ಮಾತ್ರ ಈ ಪ್ರಕಟಣೆಗೆ ಏನೂ ಹೇಳಿಲ್ಲ.

ನಾನು ಕೇಳಬೇಕೆಂದಿರುವುದು ಇಷ್ಟು. ಕರೆಯನ್ನು ಹೇಗೆ ಬರೆದರೆ ನಿಜವಾಗಿ ನಿಲ್ಲುವವರು ಬರುತ್ತಾರೆ? ಬಂದವರಿಗೆ ಯಾವ ಹಂತದಲ್ಲಿ ಯಾವ ಹಕ್ಕನ್ನು ಕೊಡಬೇಕು? ಮುಖ ನೋಡದ ವ್ಯಕ್ತಿಯನ್ನು ನಂಬುವುದಕ್ಕೆ ಸಂಬಳವಿಲ್ಲದ ಒಂದು ಸಣ್ಣ ಪ್ರಾಜೆಕ್ಟ್ ಯಾವ ಅಳತೆಗೋಲನ್ನು ಬಳಸಬಹುದು?

ಉತ್ತರ 1

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಬರಹದಲ್ಲಿಯೇ ಇದೆ. ಪರೀಕ್ಷೆಗಳ ಸಮೇತ ಪುಲ್ ರಿಕ್ವೆಸ್ಟ್ ಕಳುಹಿಸುತ್ತಿರುವ ಆ ವ್ಯಕ್ತಿಗೆ ನೇರವಾಗಿ ಪತ್ರ ಬರೆಯಿರಿ. ಸಾರ್ವಜನಿಕ ಕರೆಯನ್ನು ಓದುವ ಪ್ರತಿಯೊಬ್ಬರೂ ಅದು ತಮಗಿಂತ ಹೆಚ್ಚು ತಿಳಿದ ಇನ್ನಾರಿಗೋ ಮೀಸಲೆಂದು ಭಾವಿಸುತ್ತಾರೆ, ಮತ್ತು ಕೆಲಸ ಬಲ್ಲವರಿಗೆ ಈ ಸಂಕೋಚ ಹೆಚ್ಚು, ಏಕೆಂದರೆ ಕೆಲಸ ಎಷ್ಟಿದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ‘ನಿಮ್ಮ ಇಂಥಿಂಥ ತಿದ್ದುಪಡಿಗಳನ್ನು ನೋಡಿದ್ದೇನೆ, ಎನ್‌ಕೋಡಿಂಗ್ ಭಾಗವನ್ನು ನೀವು ನೋಡಿಕೊಳ್ಳುತ್ತೀರಾ’ ಎಂದು ಹೆಸರು ಹಿಡಿದು, ಕೆಲಸ ಹೇಳಿ ಕೇಳಿದಾಗ ಮಾತ್ರ ಅದು ತಮಗೇ ಬಂದ ಆಹ್ವಾನವೆಂದು ಅನಿಸುತ್ತದೆ.

ಎರಡನೆಯದು, ನಿಮ್ಮ ಪ್ರಕಟಣೆಯಲ್ಲಿ ನೀವು ಏನು ಕೇಳುತ್ತಿದ್ದೀರಿ ಎಂಬುದೇ ಸ್ಪಷ್ಟವಾಗಿಲ್ಲ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸಮುದಾಯ ಈ ವಿಷಯದಲ್ಲಿ ಬಹಳ ಹಿಂದೆಯೇ ಒಂದು ಒಳ್ಳೆಯ ಪದ್ಧತಿ ಮಾಡಿಕೊಂಡಿದೆ. ಅಲ್ಲಿ ಪ್ಯಾಕೇಜ್ ನೋಡಿಕೊಳ್ಳುವವರು ತಾವು ಮುಂದುವರಿಯುತ್ತೇವೆ ಆದರೆ ನೆರವು ಬೇಕು ಎಂದಾದರೆ ‘ಆರ್‌ಎಫ್‌ಎಚ್’ ಎಂದೂ, ಸದ್ಯಕ್ಕೆ ನೋಡಿಕೊಳ್ಳುತ್ತಿದ್ದರೂ ಬೇರೊಬ್ಬರು ವಹಿಸಿಕೊಳ್ಳಲಿ ಎಂದಾದರೆ ‘ಆರ್‌ಎಫ್‌ಎ’ ಎಂದೂ, ಪೂರ್ತಿ ಕೈಬಿಟ್ಟಿದ್ದರೆ ‘ಓ’ ಎಂದೂ ಗುರುತು ಹಾಕುತ್ತಾರೆ. ಪರ್ಲ್ ಭಾಷೆಯ ಪ್ಯಾಕೇಜ್ ಭಂಡಾರವಾದ ಸಿಪ್ಯಾನ್‌ನಲ್ಲಿಯೂ ಇದೇ ಅರ್ಥದ ‘ನೀಡ್‌ಹೆಲ್ಪ್’, ‘ಹ್ಯಾಂಡ್‌ಆಫ್’, ‘ಅಡಾಪ್ಟ್‌ಮಿ’ ಎಂಬ ಮೂರು ವಿಶೇಷ ಹೆಸರುಗಳಿವೆ. ಈ ಮೂರೂ ಸ್ಥಿತಿಗಳು ಹೊರಗಿನಿಂದ ಒಂದೇ ರೀತಿ ಕಂಡರೂ ಬರುವವರ ಪಾಲಿಗೆ ತೀರ ಬೇರೆ ಬೇರೆ. ನೆರವು ನೀಡಲು ಬಂದವರ ಮೇಲೆ ಇಡೀ ಪ್ರಾಜೆಕ್ಟ್ ಬಿದ್ದರೆ ಅವರು ಓಡಿಹೋಗುತ್ತಾರೆ. ಪೂರ್ತಿ ವಹಿಸಿಕೊಳ್ಳಲು ಬಂದವರಿಗೆ ಸಣ್ಣ ಸಣ್ಣ ವಿಷಯಕ್ಕೂ ನಿಮ್ಮ ಒಪ್ಪಿಗೆ ಬೇಕಾದರೆ ಅವರೂ ಉಳಿಯುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ ನಿಮಗೆ ಬೇಕಾಗಿರುವುದು ಮೊದಲನೆಯದು, ಆದರೆ ಬಳಸಿರುವ ಮಾತು ಎರಡನೆಯದಕ್ಕೆ ಹತ್ತಿರವಿದೆ.

‘ಸಹ-ಮೇಂಟೇನರ್’ ಎಂಬ ಹುದ್ದೆಗೆ ಎಲ್ಲೆಯಿಲ್ಲ, ಅದೇ ಅದರ ತೊಂದರೆ. ಅದನ್ನು ಒಡೆಯಿರಿ. ಹೊಸ ವರದಿಗಳನ್ನು ಓದಿ, ಮಾದರಿ ಕಡತ ಕೇಳಿ, ಪುನರಾವರ್ತನೆಗಳನ್ನು ಮುಚ್ಚುವುದು ಒಂದು ಕೆಲಸ. ಪುಲ್ ರಿಕ್ವೆಸ್ಟ್‌ಗಳನ್ನು ಪರಿಶೀಲಿಸುವುದು ಇನ್ನೊಂದು. ಪೈಥಾನ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಪರೀಕ್ಷೆಗಳನ್ನು ಓಡಿಸಿ ಒಡೆದಿದ್ದನ್ನು ಸರಿಪಡಿಸುವುದು ಮತ್ತೊಂದು. ಪೈಥಾನ್ ವರ್ಷಕ್ಕೊಂದು ಹೊಸ ಆವೃತ್ತಿ ಬಿಡುಗಡೆ ಮಾಡುವುದರಿಂದ ಈ ಮೂರನೆಯ ಕೆಲಸ ಎಷ್ಟು, ಯಾವಾಗ ಎಂಬುದನ್ನು ಮೊದಲೇ ಹೇಳಬಹುದು. ಹಾಗೆ ಹೇಳಬಲ್ಲ ಕೆಲಸವನ್ನು ಒಪ್ಪಿಕೊಳ್ಳುವುದು ಸುಲಭ. ಪ್ರತಿಯೊಂದರ ಪಕ್ಕದಲ್ಲಿ ತಿಂಗಳಿಗೆ ಅಂದಾಜು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಬರೆಯಿರಿ. ಕೆಲಸವನ್ನು ವಹಿಸಿಕೊಂಡವರು ಕಾರಣ ಹೇಳದೆ ಬಿಟ್ಟುಹೋಗಬಹುದು ಎಂಬುದನ್ನೂ ಬರೆಯಿರಿ. ಒಳಗೆ ಬಂದ ಮೇಲೆ ಹೊರಗೆ ಹೋಗುವ ದಾರಿ ಕಾಣದ ಕಡೆ ಸ್ವಯಂಸೇವಕರು ಕಾಲಿಡುವುದಿಲ್ಲ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಹಕ್ಕುಗಳ ಬಗ್ಗೆ ಅವರು ಏನೂ ಹೇಳಿಲ್ಲವಾದ್ದರಿಂದ ಅಷ್ಟನ್ನು ನಾನು ಬರೆಯುತ್ತೇನೆ.

ಸಹ-ಮೇಂಟೇನರ್ ಎಂಬ ಮಾತು ಬಂದಾಗ ಈಗ ಎಲ್ಲರಿಗೂ ನೆನಪಾಗುವುದು ಎಕ್ಸ್‌ಝಡ್ ಯುಟಿಲ್ಸ್ ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದ ಪ್ರಕರಣ. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದ ಖಾತೆಯೊಂದು 2021ರ ಕೊನೆಯಿಂದ ಉಪಯುಕ್ತ ತಿದ್ದುಪಡಿಗಳನ್ನು ಕಳುಹಿಸುತ್ತ ಬಂತು. 2022ರಲ್ಲಿ ಬೇರೆ ಕೆಲವು ಖಾತೆಗಳು ಮೇಲಿಂಗ್ ಲಿಸ್ಟ್‌ನಲ್ಲಿ ಕಾಣಿಸಿಕೊಂಡು, ಕೆಲಸ ನಿಧಾನವಾಗುತ್ತಿದೆ, ಹೊಸ ಮೇಂಟೇನರ್ ಬೇಕು ಎಂದು ದಣಿದಿದ್ದ ಮೂಲ ಮೇಂಟೇನರ್ ಮೇಲೆ ಒತ್ತಡ ಹೇರಿದವು. ಕಾಲಕ್ರಮದಲ್ಲಿ ಆ ಹೊಸಬರಿಗೆ ಬಿಡುಗಡೆ ಮಾಡುವ ಹಕ್ಕೂ ಸಿಕ್ಕಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ಒಳನುಗ್ಗುವ ದಾರಿ, ಇತ್ತು. ದೂರದ ಕಂಪ್ಯೂಟರ್‌ಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಬೆನ್ನಟ್ಟಿ ಹೋದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ 2024ರ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಅದಕ್ಕೂ ಹಿಂದೆ, 2018ರಲ್ಲಿ, ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಭಂಡಾರವಾದ ಎನ್‌ಪಿಎಂನ ಈವೆಂಟ್-ಸ್ಟ್ರೀಮ್ ಪ್ಯಾಕೇಜ್‌ನಲ್ಲಿ ಆಸಕ್ತಿ ಕಳೆದುಕೊಂಡಿದ್ದ ಲೇಖಕರು, ತಾನು ನೋಡಿಕೊಳ್ಳುತ್ತೇನೆಂದು ಪತ್ರ ಬರೆದ ಅಪರಿಚಿತರಿಗೆ ಪ್ರಕಟಣೆಯ ಹಕ್ಕನ್ನು ಕೊಟ್ಟರು. ಬಂದವರು ಬಿಟ್‌ಕಾಯಿನ್ ವಾಲೆಟ್ ಒಂದನ್ನು ಗುರಿಯಾಗಿಸಿದ ಕೋಡ್ ಅನ್ನು ಹೊಸ ಅವಲಂಬನೆಯೊಂದರ (ಪ್ಯಾಕೇಜ್ ಬಳಸಿಕೊಳ್ಳುವ ಇನ್ನೊಂದು ಪ್ಯಾಕೇಜ್) ಮೂಲಕ ಒಳಗೆ ಸೇರಿಸಿದರು.

ಇವೆರಡನ್ನೂ ಓದಿ ಅಪರಿಚಿತರನ್ನು ಸೇರಿಸಿಕೊಳ್ಳಲೇಬಾರದು ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಓಪನ್ ಸೋರ್ಸ್‌ನಲ್ಲಿ ಎಲ್ಲರೂ ಮೊದಲು ಅಪರಿಚಿತರೇ. ಗಮನಿಸಬೇಕಾದದ್ದು ಏನೆಂದರೆ, ಎರಡೂ ಕಡೆ ಕೋಡ್ ಬರೆಯುವ ಹಕ್ಕು ಮತ್ತು ಆವೃತ್ತಿಯನ್ನು ಲೋಕಕ್ಕೆ ಬಿಡುವ ಹಕ್ಕು ಒಂದೇ ಕೈಯಲ್ಲಿದ್ದವು, ಮಧ್ಯದಲ್ಲಿ ನೋಡುವವರು ಇರಲಿಲ್ಲ. ಎಕ್ಸ್‌ಝಡ್‌ನಲ್ಲಂತೂ ಹಿಂಬಾಗಿಲನ್ನು ಚಾಲೂ ಮಾಡುವ ಸಾಲುಗಳು ಎಲ್ಲರಿಗೂ ಕಾಣುವ ಗಿಟ್ ರಿಪಾಸಿಟರಿಯಲ್ಲಿ (ಕೋಡ್ ಕೋಶದಲ್ಲಿ) ಇರಲೇ ಇಲ್ಲ, ಕೈಯಿಂದ ತಯಾರಿಸಿ ಏರಿಸಿದ ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಕಟ್ಟು ಕಡತದಲ್ಲಿ) ಮಾತ್ರ ಇದ್ದವು.

ನಿಮ್ಮ ಪ್ರಾಜೆಕ್ಟ್‌ಗೆ ಇದನ್ನು ಹೀಗೆ ಅನ್ವಯಿಸಬಹುದು. ರಿಪಾಸಿಟರಿ ಗಿಟ್‌ಹಬ್ ಎಂಬ ಕೋಡ್ ತಾಣದಲ್ಲಿ ನಿಮ್ಮ ವೈಯಕ್ತಿಕ ಖಾತೆಯಡಿ ಇದ್ದರೆ ಅದನ್ನು ಒಂದು ಆರ್ಗನೈಸೇಶನ್‌ಗೆ ವರ್ಗಾಯಿಸಿ. ಹಳೆಯ ಕೊಂಡಿಗಳು ಹೊಸ ಜಾಗಕ್ಕೆ ತಾವಾಗಿ ಹೋಗುತ್ತವೆ, ಇಶ್ಯೂಗಳೂ ಜೊತೆಗೆ ಬರುತ್ತವೆ. ವೈಯಕ್ತಿಕ ಖಾತೆಯಲ್ಲಿ ಮಾಲೀಕ ಮತ್ತು ಕೊಲ್ಯಾಬೊರೇಟರ್ ಎಂಬ ಎರಡೇ ದರ್ಜೆಗಳಿವೆ, ಆರ್ಗನೈಸೇಶನ್‌ನಲ್ಲಿ ರೀಡ್, ಟ್ರಿಯಾಜ್, ರೈಟ್, ಮೇಂಟೇನ್, ಅಡ್ಮಿನ್ ಎಂದು ಐದು ಸಿಗುತ್ತವೆ. ಟ್ರಿಯಾಜ್ ದರ್ಜೆಯವರು ಕೋಡ್ ಮುಟ್ಟಲಾಗದೆಯೇ ಇಶ್ಯೂಗಳಿಗೆ ಗುರುತು ಹಾಕಬಹುದು, ಮುಚ್ಚಬಹುದು. ಉತ್ತರ 1ರಲ್ಲಿ ಹೇಳಿದ ಮೊದಲ ಕೆಲಸಕ್ಕೆ ಇಷ್ಟು ಸಾಕು, ಮತ್ತು ಇದನ್ನು ಯಾರಿಗಾದರೂ ಹೆಚ್ಚು ಯೋಚಿಸದೆ ಕೊಡಬಹುದು. ಮುಖ್ಯ ಶಾಖೆಗೆ ರಕ್ಷಣೆ ಹಾಕಿ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಯಾರೂ, ನೀವೂ ಸೇರಿದಂತೆ, ಕೋಡ್ ಸೇರಿಸಲಾಗದಂತೆ ಮಾಡಿ. ಬಿಡುಗಡೆಗೆ ಪೈಪಿಐ 2023ರಲ್ಲಿ ತಂದ ‘ಟ್ರಸ್ಟೆಡ್ ಪಬ್ಲಿಶಿಂಗ್’ ಬಳಸಿ. ಆಗ ಪ್ಯಾಕೇಜ್ ರಿಪಾಸಿಟರಿಯ ಕೋಡ್‌ನಿಂದಲೇ ಸ್ವಯಂಚಾಲಿತವಾಗಿ ತಯಾರಾಗಿ ಅಲ್ಪಾವಧಿಯ ಟೋಕನ್ ಮೂಲಕ ಏರುತ್ತದೆ, ಯಾರ ಲ್ಯಾಪ್‌ಟಾಪ್‌ನಲ್ಲಿಯೂ ಶಾಶ್ವತ ಕೀಲಿ ಉಳಿಯುವುದಿಲ್ಲ.

ನಿಮ್ಮ ವಿಷಯದಲ್ಲಿ ಮಾತ್ರ ನನಗೆ ಕಂಡ ಒಂದು ಅಪಾಯವನ್ನು ಹೇಳಬೇಕು. ಎಕ್ಸ್‌ಝಡ್‌ನಲ್ಲಿ ದುಷ್ಟ ಕೋಡ್‌ನ ಮುಖ್ಯ ಭಾಗ ಅಡಗಿದ್ದುದು ಪರೀಕ್ಷೆಗಾಗಿ ಇಟ್ಟ ಬೈನರಿ ಕಡತಗಳಲ್ಲಿ, ಏಕೆಂದರೆ ಕೆಟ್ಟುಹೋದ ಮಾದರಿ ಕಡತವೊಂದನ್ನು ಯಾರೂ ಸಾಲು ಸಾಲಾಗಿ ಓದುವುದಿಲ್ಲ. ನಿಮ್ಮ ಲೈಬ್ರರಿಯ ಪರೀಕ್ಷಾ ಕೋಶವೂ ವಿಚಿತ್ರ ಎನ್‌ಕೋಡಿಂಗ್‌ನ, ಅರ್ಧ ಕೆಟ್ಟ ಕಡತಗಳಿಂದಲೇ ತುಂಬಿರಬೇಕು. ಅವುಗಳನ್ನು ಸಾಧ್ಯವಾದಷ್ಟು ಮಟ್ಟಿಗೆ ಸಣ್ಣ ಪೈಥಾನ್ ಸ್ಕ್ರಿಪ್ಟ್‌ನಿಂದ ಸೃಷ್ಟಿಸಿ: ಯೂನಿಕೋಡ್ ಪಠ್ಯವನ್ನು ಕೋಡ್‌ನಲ್ಲಿಯೇ ಬರೆದು, ಬೇಕಾದ ಎನ್‌ಕೋಡಿಂಗ್‌ಗೆ ಪರೀಕ್ಷೆಯ ಸಮಯದಲ್ಲಿ ಬದಲಾಯಿಸಿದರೆ ಓದಲಾಗದ ಕಡತವನ್ನು ಇಟ್ಟುಕೊಳ್ಳುವ ಅಗತ್ಯವೇ ಬರುವುದಿಲ್ಲ. ಹಾಗೆ ಮಾಡಲಾಗದವುಗಳಿಗೆ, ಎಲ್ಲಿಂದ ಬಂತು, ಯಾವ ದೋಷ ತೋರಿಸುತ್ತದೆ ಎಂಬ ಎರಡು ಸಾಲಿನ ಟಿಪ್ಪಣಿ ಕಡ್ಡಾಯವಾಗಿರಲಿ. ಮೊದಲ ಪತ್ರದಲ್ಲಿಯೇ ಪ್ರಕಟಣೆಯ ಹಕ್ಕು ಕೇಳಿದವರ ಉದ್ದೇಶವನ್ನು ನಾನು ಊಹಿಸಲು ಹೋಗುವುದಿಲ್ಲ. ಎಲ್ಲರಿಗೂ ಒಂದೇ ಮೆಟ್ಟಿಲು ಎಂದು ಬರೆದಿಟ್ಟಿದ್ದರೆ ಅವರಿಗೆ ಉತ್ತರಿಸುವುದು ಕಷ್ಟವಾಗುವುದಿಲ್ಲ.

ಉತ್ತರ 3

ಉತ್ತರ 2ರಲ್ಲಿರುವ ಸಂಗತಿಗಳೆಲ್ಲ ಸರಿ, ಆದರೆ ಅದನ್ನು ಓದಿದ ಸಣ್ಣ ಪ್ರಾಜೆಕ್ಟ್‌ನ ಲೇಖಕರು ಕೊನೆಗೆ ಯಾರನ್ನೂ ಸೇರಿಸಿಕೊಳ್ಳದೆ ಸುಮ್ಮನಾಗುತ್ತಾರೆ ಎಂಬುದು ನನ್ನ ಆತಂಕ. ಎಕ್ಸ್‌ಝಡ್ ಎಂಬುದು ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳಲ್ಲಿ ಇರುವ ತಂತ್ರಾಂಶ, ಅದಕ್ಕಾಗಿ ಒಬ್ಬರು ಎರಡು ವರ್ಷ ಕಾಯುವುದು ದಾಳಿಕೋರರಿಗೆ ಲಾಭದಾಯಕ. ಸಬ್‌ಟೈಟಲ್ ಲೈಬ್ರರಿಗೆ ಎದುರಾಗಿರುವ ನಿಜವಾದ ಅಪಾಯವೆಂದರೆ, ಇರುವ ಒಬ್ಬ ಮೇಂಟೇನರ್ ಒಂದು ದಿನ ಉತ್ತರಿಸುವುದನ್ನು ನಿಲ್ಲಿಸುವುದು. ಇದೂ ಭದ್ರತೆಯ ಸಮಸ್ಯೆಯೇ. ದೋಷ ಗೊತ್ತಾದಾಗ ತಿದ್ದಲು ಯಾರೂ ಇಲ್ಲದ ಪ್ಯಾಕೇಜ್ ಸುರಕ್ಷಿತವಾಗಿರುವುದು ಹೇಗೆ?

2013ರಲ್ಲಿ ಫೆಲಿಕ್ಸ್ ಗೈಸೆನ್‌ಡೋರ್ಫರ್ ಎಂಬ ನೋಡ್ (ಜಾವಾಸ್ಕ್ರಿಪ್ಟ್) ಡೆವಲಪರ್ ಒಂದು ವಿಚಾರವನ್ನು ಮುಂದಿಟ್ಟರು: ಯಾರಾದರೂ ಪುಲ್ ರಿಕ್ವೆಸ್ಟ್ ಕಳುಹಿಸಿದರೆ ಅವರಿಗೆ ಕಮಿಟ್ ಹಕ್ಕನ್ನೇ (ಕೋಡ್ ಅನ್ನು ನೇರವಾಗಿ ಬದಲಾಯಿಸುವ ಹಕ್ಕು) ಕೊಟ್ಟುಬಿಡಿ. ಕೇಳಲು ಹುಚ್ಚುತನದಂತೆ ತೋರುತ್ತದೆ. ಆದರೆ ಹಕ್ಕು ಸಿಕ್ಕ ವ್ಯಕ್ತಿ ತನ್ನ ತಿದ್ದುಪಡಿಯನ್ನು ಇನ್ನೊಮ್ಮೆ ಓದಿ ನೋಡುತ್ತಾನೆ, ‘ಇವರ ಪ್ರಾಜೆಕ್ಟ್’ ಎನ್ನುತ್ತಿದ್ದವನು ‘ನಮ್ಮದು’ ಎನ್ನಲಾರಂಭಿಸುತ್ತಾನೆ. ನನ್ನ ಅನುಭವವೂ ಹಾಗೆಯೇ ಇದೆ: ಬೇಗ ಹಕ್ಕು ಕೊಟ್ಟ ಕಡೆ ಎಲ್ಲರೂ ಉಳಿಯಲಿಲ್ಲ, ಆದರೆ ಉಳಿದವರೆಲ್ಲ ಬೇಗ ಹಕ್ಕು ಪಡೆದವರೇ.

ನಂಬಿಕೆಯ ಅಳತೆಗೋಲು ಯಾವುದು ಎಂದು ಕೇಳಿದ್ದೀರಿ. ವ್ಯಕ್ತಿಯನ್ನು ಅಳೆಯುವ ಬದಲು ಕೆಲಸವನ್ನು ಅಳೆಯಿರಿ ಎಂಬುದು ನನ್ನ ಸಲಹೆ. ಹಿಂದಕ್ಕೆ ತಿರುಗಿಸಬಹುದಾದ ಕೆಲಸ ಯಾವುದು, ತಿರುಗಿಸಲಾಗದ್ದು ಯಾವುದು? ತಪ್ಪು ಕಮಿಟ್ ಅನ್ನು ರಿವರ್ಟ್ ಮಾಡಬಹುದು. ತಪ್ಪಾಗಿ ಮುಚ್ಚಿದ ಇಶ್ಯೂವನ್ನು ಮತ್ತೆ ತೆರೆಯಬಹುದು. ಆದರೆ ಪೈಪಿಐಗೆ ಒಮ್ಮೆ ಏರಿಸಿದ ಕಡತದ ಹೆಸರನ್ನು, ಅಳಿಸಿದ ಮೇಲೂ, ಮತ್ತೆ ಬಳಸಲು ಬರುವುದಿಲ್ಲ. ಕೆಟ್ಟ ಆವೃತ್ತಿಯನ್ನು ‘ಯಾಂಕ್’ ಮಾಡಿ (ಹಿಂತೆಗೆದದ್ದೆಂದು ಗುರುತಿಸಿ) ಹೊಸ ಅನುಸ್ಥಾಪನೆಗಳನ್ನು ಬಹುಮಟ್ಟಿಗೆ ತಡೆಯಬಹುದು, ಅಷ್ಟರಲ್ಲಿ ಇಳಿಸಿಕೊಂಡವರನ್ನು ತಲುಪಲಾಗುವುದಿಲ್ಲ. ತಿರುಗಿಸಬಹುದಾದ ಎಲ್ಲದರಲ್ಲಿಯೂ ಧಾರಾಳವಾಗಿರಿ, ತಿರುಗಿಸಲಾಗದ ಆ ಒಂದೆರಡರಲ್ಲಿ ಬಿಗಿಯಾಗಿರಿ. ಇಷ್ಟು ಗೆರೆ ಎಳೆದುಕೊಂಡರೆ ಪ್ರತಿ ಹೊಸಬರ ಬಗ್ಗೆಯೂ ತನಿಖೆ ನಡೆಸುವ ಪ್ರಮೇಯ ಬರುವುದಿಲ್ಲ. ಇಬ್ಬರೇ ಇರುವ ಪ್ರಾಜೆಕ್ಟ್‌ನಲ್ಲಿ ಪ್ರತಿ ಕಮಿಟ್‌ಗೂ ಇನ್ನೊಬ್ಬರ ಒಪ್ಪಿಗೆ ಕಡ್ಡಾಯ ಎಂಬ ಉತ್ತರ 2ರ ನಿಯಮವನ್ನು ಮಾತ್ರ ನಾನು ಒಪ್ಪಲಾರೆ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರ ಕೆಲಸವೂ ನಿಂತುಹೋಗುತ್ತದೆ, ಕಾಲಕ್ರಮದಲ್ಲಿ ಇಬ್ಬರೂ ಓದದೆ ಒಪ್ಪಿಗೆ ಒತ್ತುವ ಅಭ್ಯಾಸಕ್ಕೆ ಬೀಳುತ್ತಾರೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಧನ್ಯವಾದಗಳು. ಪರೀಕ್ಷಾ ಕಡತಗಳ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ನೋಡಿದರೆ ಅವುಗಳಲ್ಲಿ ಹೆಚ್ಚಿನವನ್ನು ಸ್ಕ್ರಿಪ್ಟ್‌ನಿಂದಲೇ ಸೃಷ್ಟಿಸಬಹುದು ಎಂದು ಕಾಣುತ್ತದೆ. ಕಮಿಟ್ ಹಕ್ಕಿನಲ್ಲಿ ಧಾರಾಳತನ, ಬಿಡುಗಡೆಯಲ್ಲಿ ಬಿಗಿ ಎಂಬ ಗೆರೆಯೂ ನನಗೆ ಒಪ್ಪಿಗೆಯಾಯಿತು. ಎನ್‌ಕೋಡಿಂಗ್ ತಿದ್ದುಪಡಿಗಳನ್ನು ಕಳುಹಿಸುವವರಿಗೆ ಪತ್ರ ಬರೆದಿದ್ದೇನೆ.

ಬರೆಯಲು ಕುಳಿತಾಗ ಇನ್ನೊಂದು ಪ್ರಶ್ನೆ ಎದ್ದಿತು. ಎಎಸ್‌ಎಸ್ ಎಂಬ ಸಬ್‌ಟೈಟಲ್ ರೂಪದಲ್ಲಿ ಅಕ್ಷರದ ಬಣ್ಣ, ಪರದೆಯ ಮೇಲಿನ ಸ್ಥಾನ, ಚಲನೆ ಇತ್ಯಾದಿಗಳೆಲ್ಲ ಇವೆ. ಅದನ್ನು ಪೂರ್ತಿಯಾಗಿ ಬೆಂಬಲಿಸಬೇಕೆಂಬ ಬೇಡಿಕೆ ಹಳೆಯದು. ನಾನು ಇದುವರೆಗೆ ಬೇಡವೆಂದು ಬಂದಿದ್ದೇನೆ, ಏಕೆಂದರೆ ಅದನ್ನು ಒಳಗೆ ಬಿಟ್ಟರೆ ಲೈಬ್ರರಿಯ ಮುಕ್ಕಾಲು ಭಾಗ ಅದಕ್ಕೇ ಮೀಸಲಾಗುತ್ತದೆ. ನಾಳೆ ಸೇರಿದ ಸಹ-ಮೇಂಟೇನರ್ ಒಬ್ಬರಿಗೆ ಅದರಲ್ಲಿಯೇ ಆಸಕ್ತಿ ಇದ್ದರೆ? ಸಂಬಳವಿಲ್ಲದೆ ದುಡಿಯಲು ಬಂದವರಿಗೆ ‘ಇದನ್ನು ಮಾಡಬೇಡಿ’ ಎನ್ನುವ ಅಧಿಕಾರ ನನಗಿದೆಯೇ, ಇದ್ದರೂ ಅದನ್ನು ಚಲಾಯಿಸಿದ ಮೇಲೆ ಅವರು ಉಳಿಯುತ್ತಾರೆಯೇ?

ಉತ್ತರ 4

ನಿಮ್ಮ ಈ ಎರಡನೆಯ ಪ್ರಶ್ನೆ ಮೊದಲಿನವುಗಳಿಗಿಂತ ಮುಖ್ಯವಾದದ್ದೆಂದು ನನಗನಿಸುತ್ತದೆ. ಹಕ್ಕುಗಳ ವಿಷಯದಲ್ಲಿ ಮುರಿದುಬಿದ್ದ ಹವ್ಯಾಸಿ ಪ್ರಾಜೆಕ್ಟ್‌ಗಳು ಕಡಿಮೆ. ಪ್ರಾಜೆಕ್ಟ್ ಏನಾಗಬೇಕು ಎಂಬುದರ ಬಗ್ಗೆ ಇಬ್ಬರ ಮನಸ್ಸಿನಲ್ಲಿ ಎರಡು ಚಿತ್ರಗಳಿದ್ದು, ಅದು ಬಹಳ ದಿನ ಯಾರಿಗೂ ಗೊತ್ತಾಗದೆ, ಒಂದು ದೊಡ್ಡ ಪುಲ್ ರಿಕ್ವೆಸ್ಟ್‌ನ ಕೆಳಗೆ ಹೊರಬಿದ್ದು ಮುರಿದವು ಹೆಚ್ಚು. ಬರೆದವರು ತಿಂಗಳುಗಟ್ಟಲೆ ದುಡಿದಿರುತ್ತಾರೆ. ಆ ಹಂತದಲ್ಲಿ ‘ಬೇಡ’ ಎನ್ನುವುದು ಇಬ್ಬರಿಗೂ ಅನ್ಯಾಯ.

ಆದ್ದರಿಂದ ಯಾರನ್ನೂ ಕರೆಯುವ ಮೊದಲು ಲೈಬ್ರರಿ ಏನನ್ನು ಮಾಡುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು, ರಿಪಾಸಿಟರಿಯೊಳಗೇ ಇಡಿ. ಮಾಡುವುದರ ಪಟ್ಟಿಯನ್ನು ಎಲ್ಲರೂ ಬರೆಯುತ್ತಾರೆ, ಉಪಯೋಗಕ್ಕೆ ಬರುವುದು ಇನ್ನೊಂದು. ‘ಎಎಸ್‌ಎಸ್ ಕಡತದಿಂದ ಪಠ್ಯ ಮತ್ತು ಸಮಯವನ್ನು ಓದುತ್ತೇವೆ, ಶೈಲಿಯನ್ನು ಉಳಿಸಿಕೊಳ್ಳುವ ಭರವಸೆ ಕೊಡುವುದಿಲ್ಲ’ ಎಂಬ ಒಂದು ವಾಕ್ಯ, ಅದರ ಕಾರಣದ ಜೊತೆಗೆ, ಬರುವವರಿಗೆ ಬರುವ ಮೊದಲೇ ಕಾಣುವಂತಿರಲಿ. ಶೈಲಿಯಲ್ಲಿ ಆಸಕ್ತಿ ಇರುವವರಿಗೆ ದಾರಿ ಮುಚ್ಚಬೇಕಾಗಿಲ್ಲ: ನಿಮ್ಮ ಲೈಬ್ರರಿ ಹೊಸ ರೂಪಗಳನ್ನು ಹೊರಗಿನ ಪ್ಲಗಿನ್ ಮೂಲಕ ಸೇರಿಸಿಕೊಳ್ಳುವಂತಿದ್ದರೆ, ಅವರು ಅದನ್ನು ಬೇರೆ ಪ್ಯಾಕೇಜ್ ಆಗಿ, ತಮ್ಮದೇ ಹೆಸರಿನಲ್ಲಿ ಮತ್ತು ತಮ್ಮದೇ ವೇಗದಲ್ಲಿ ಕಟ್ಟಬಹುದು. ಒಬ್ಬ ಸಹ-ಮೇಂಟೇನರ್‌ಗಿಂತ ಪಕ್ಕದ ಮನೆಯ ಮೇಂಟೇನರ್ ಕೆಲವೊಮ್ಮೆ ಹೆಚ್ಚು ಒಳ್ಳೆಯ ಸಂಗಾತಿ.

ಅಧಿಕಾರ ಇದೆಯೇ ಎಂದು ಕೇಳಿದ್ದೀರಿ. ಪರವಾನಗಿ ಯಾರಿಗಾದರೂ ಫೋರ್ಕ್ ಮಾಡುವ (ಪ್ರತಿ ಮಾಡಿಕೊಂಡು ಬೇರೆಯಾಗಿ ಮುಂದುವರಿಸುವ) ಸ್ವಾತಂತ್ರ್ಯ ಕೊಟ್ಟಿರುವುದರಿಂದ, ನಿಮ್ಮ ಅಧಿಕಾರ ಆ ಹೆಸರಿನಡಿ ಏನು ಹೊರಬರಬೇಕು ಎಂಬುದರ ಮೇಲೆ ಮಾತ್ರ. ಅಷ್ಟರ ಮಟ್ಟಿಗೆ ಅದು ನಿಜವಾದ ಅಧಿಕಾರ, ಅದನ್ನು ಬಳಸಲು ನಾಚಿಕೆ ಬೇಡ. ಆದರೆ ಸಹ-ಮೇಂಟೇನರ್ ಎಂದು ಒಬ್ಬರನ್ನು ಕರೆದ ಮೇಲೆ ಅವರ ಭಾಗದಲ್ಲಿ ಕೊನೆಯ ಮಾತು ಅವರದೇ ಆಗಬೇಕು, ಇಲ್ಲವಾದರೆ ಅವರು ನಿಮ್ಮ ಸಹಾಯಕರು ಮಾತ್ರ. ಎನ್‌ಕೋಡಿಂಗ್ ಭಾಗವನ್ನು ಕೊಟ್ಟಿದ್ದರೆ, ಅಲ್ಲಿ ಅವರು ನಿಮಗೆ ಇಷ್ಟವಾಗದ, ಆದರೆ ತಪ್ಪಲ್ಲದ ವಿನ್ಯಾಸವನ್ನು ಆಯ್ದುಕೊಂಡಾಗ ಸುಮ್ಮನಿರಲು ನೀವು ಸಿದ್ಧರಿದ್ದೀರಾ? ಇದನ್ನು ನಿಮ್ಮನ್ನೇ ಕೇಳಿಕೊಂಡು ಆಮೇಲೆ ಪತ್ರ ಬರೆಯಬೇಕಿತ್ತು ಎನ್ನುತ್ತಿದ್ದೆ, ನೀವು ಈಗಾಗಲೇ ಬರೆದಿದ್ದೀರಿ. ಉತ್ತರ ಬರುವುದರೊಳಗೆ ಕೇಳಿಕೊಂಡರೂ ಸಾಕು.

ನಿರ್ಧಾರದ ವಿಧಾನಕ್ಕೆ ದೊಡ್ಡ ಸಂವಿಧಾನವೇನೂ ಬೇಡ. 2018ರ ಜುಲೈನಲ್ಲಿ ಪೈಥಾನ್‌ನ ಸೃಷ್ಟಿಕರ್ತ ಗೀಡೋ ವಾನ್ ರೋಸಮ್ ಅದರ ಕೊನೆಯ ಮಾತಿನ ಸ್ಥಾನದಿಂದ ಹಿಂದೆ ಸರಿದಾಗ, ಅದೇ ವರ್ಷದ ಕೊನೆಗೆ ಐದು ಜನರ ಚುನಾಯಿತ ಸ್ಟೀರಿಂಗ್ ಕೌನ್ಸಿಲ್‌ನ ಮಾದರಿಯನ್ನು ಡೆವಲಪರ್‌ಗಳು ಮತ ಹಾಕಿ ಆರಿಸಿಕೊಂಡರು. ಅದು ಅಷ್ಟು ದೊಡ್ಡ ಸಮುದಾಯಕ್ಕೆ ಸರಿ. ಇಬ್ಬರು, ಮೂವರಿಗೆ ಮೂರು ಸಾಲು ಸಾಕು: ಯಾರ ಭಾಗ ಯಾವುದು, ಎಲ್ಲೆ ಮೀರುವ ಬದಲಾವಣೆಗೆ ಮೊದಲು ಇಶ್ಯೂ ತೆರೆದು ಒಂದು ವಾರ ಕಾಯಬೇಕು ಮತ್ತು ಆಕ್ಷೇಪ ಬರದಿದ್ದರೆ ಒಪ್ಪಿಗೆಯೆಂದೇ ಲೆಕ್ಕ, ಬಿಡುಗಡೆಗೆ ಮಾತ್ರ ಇನ್ನೊಬ್ಬರ ಕಣ್ಣು ಬೇಕೇ ಬೇಕು. ಉತ್ತರ 2 ಮತ್ತು ಉತ್ತರ 3ರ ನಡುವಿನ ಭಿನ್ನಾಭಿಪ್ರಾಯವೂ ಈ ಮೂರನೆಯ ಸಾಲಿನಲ್ಲಿ ತೀರುತ್ತದೆ, ಏಕೆಂದರೆ ಗಿಟ್‌ಹಬ್‌ನ ಎನ್ವಿರಾನ್‌ಮೆಂಟ್ ವ್ಯವಸ್ಥೆಯಲ್ಲಿ ಬಿಡುಗಡೆಯ ಹಂತಕ್ಕೆ ಮಾತ್ರ ಒಪ್ಪಿಗೆ ಕಡ್ಡಾಯ ಮಾಡಬಹುದು. ದಿನನಿತ್ಯದ ಕಮಿಟ್‌ಗಳು ತಮ್ಮ ಪಾಡಿಗೆ ಸಾಗುತ್ತವೆ.

ಕೃತಿಸ್ವಾಮ್ಯದ ಬಗ್ಗೆ ಒಂದು ಮಾತು. ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳದಿದ್ದರೆ ಪ್ರತಿಯೊಬ್ಬರು ಬರೆದ ಕೋಡ್‌ನ ಹಕ್ಕು ಅವರವರಲ್ಲೇ ಉಳಿಯುತ್ತದೆ, ಅದು ಇರುವ ಪರವಾನಗಿಯಡಿ ಪ್ರಾಜೆಕ್ಟ್‌ಗೆ ಸೇರುತ್ತದೆ. ಆದ್ದರಿಂದ ಮುಂದೆ ಎಂದಾದರೂ ಪರವಾನಗಿ ಬದಲಿಸುವ ಯೋಚನೆ ಇದ್ದರೆ ಜನ ಸೇರುವ ಮೊದಲೇ ಅದನ್ನು ತೀರ್ಮಾನಿಸಿಬಿಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಪತ್ರಕ್ಕೆ ಉತ್ತರ ಬಂದಿದೆ. ಎನ್‌ಕೋಡಿಂಗ್ ಭಾಗವನ್ನು ನೋಡಿಕೊಳ್ಳಲು ಅವರು ಒಪ್ಪಿದ್ದಾರೆ, ಬಿಡುಗಡೆಯ ಜವಾಬ್ದಾರಿ ಸದ್ಯಕ್ಕೆ ಬೇಡ ಎಂದಿದ್ದಾರೆ. ಪ್ರಕಟಣೆಯನ್ನು ಓದಿದ್ದರಂತೆ, ಆದರೆ ಇಡೀ ಲೈಬ್ರರಿಯನ್ನು ವಹಿಸಿಕೊಳ್ಳುವವರನ್ನು ಹುಡುಕುತ್ತಿದ್ದೇನೆ ಎಂದುಕೊಂಡು ಸುಮ್ಮನಿದ್ದರಂತೆ. ಎನ್‌ಕೋಡಿಂಗ್ ಪತ್ತೆಯ ವಿಧಾನವನ್ನೇ ಬದಲಿಸಬೇಕು, ಊಹೆ ಖಚಿತವಾಗಿಲ್ಲದಿದ್ದರೆ ಲೈಬ್ರರಿ ಸುಮ್ಮನೆ ಮುಂದುವರಿಯದೆ ಬಳಕೆದಾರರನ್ನು ಕೇಳಬೇಕು ಎಂಬುದು ಅವರ ಮೊದಲ ಪ್ರಸ್ತಾಪ. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಉತ್ತರ 4ರಲ್ಲಿ ಕೇಳಿದ ಪ್ರಶ್ನೆ ಇಷ್ಟು ಬೇಗ ಎದುರಾಗುತ್ತದೆಂದು ತಿಳಿದಿರಲಿಲ್ಲ. ಮುಂದುವರಿಯಿರಿ ಎಂದು ಬರೆದಿದ್ದೇನೆ.

ರೀಡ್‌ಮಿಯಲ್ಲಿದ್ದ ಹಳೆಯ ಸಾಲನ್ನು ತೆಗೆದು ಹೀಗೆ ಬರೆದಿದ್ದೇನೆ, ತಿದ್ದುಪಡಿ ಇದ್ದರೆ ತಿಳಿಸಿ:

‘ಈ ಲೈಬ್ರರಿಯನ್ನು ಈಗ ಇಬ್ಬರು ನೋಡಿಕೊಳ್ಳುತ್ತಿದ್ದೇವೆ, ಮುಂದೆಯೂ ನೋಡಿಕೊಳ್ಳುತ್ತೇವೆ. ಎರಡು ಕೆಲಸಗಳಿಗೆ ನೆರವು ಬೇಕಾಗಿದೆ. ಮೊದಲನೆಯದು, ಹೊಸ ವರದಿಗಳನ್ನು ಓದಿ ಮಾದರಿ ಕಡತ ಕೇಳಿ ವಿಂಗಡಿಸುವುದು: ವಾರಕ್ಕೆ ಅಂದಾಜು ಒಂದು ಗಂಟೆ, ಪೈಥಾನ್ ಬರೆಯಲು ಬರಬೇಕಾಗಿಲ್ಲ, ಕೇಳಿದವರಿಗೆ ಟ್ರಿಯಾಜ್ ದರ್ಜೆ ಕೂಡಲೇ ಸಿಗುತ್ತದೆ. ಎರಡನೆಯದು, ಪೈಥಾನ್‌ನ ಪ್ರತಿ ಹೊಸ ಆವೃತ್ತಿಗೆ ಲೈಬ್ರರಿಯನ್ನು ಸಿದ್ಧಪಡಿಸುವುದು: ವರ್ಷಕ್ಕೊಮ್ಮೆ ಕೆಲವು ಸಂಜೆಗಳು, ಸೇರಿಸಲಾದ ಮೊದಲ ಪುಲ್ ರಿಕ್ವೆಸ್ಟ್‌ನ ನಂತರ ಕಮಿಟ್ ಹಕ್ಕು. ಬಿಡುಗಡೆಯ ಹಕ್ಕು ಇವೆರಡರಿಂದಲೂ ಬೇರೆ, ಅದನ್ನು ಯಾರೂ ಕೇಳಿ ಪಡೆಯುವಂತಿಲ್ಲ. ಲೈಬ್ರರಿ ಏನನ್ನು ಮಾಡುವುದಿಲ್ಲ ಎಂಬುದು ಪ್ರತ್ಯೇಕ ಪುಟದಲ್ಲಿದೆ, ದಯವಿಟ್ಟು ಮೊದಲು ಅದನ್ನು ಓದಿ. ಯಾವಾಗ ಬೇಕಾದರೂ, ಕಾರಣ ಹೇಳದೆ, ಬಿಟ್ಟುಹೋಗಬಹುದು.’

ಉತ್ತರ 2 ಬರೆದವರು

ಪ್ರಕಟಣೆ ಚೆನ್ನಾಗಿದೆ. ‘ಸೇರಿಸಲಾದ ಮೊದಲ ಪುಲ್ ರಿಕ್ವೆಸ್ಟ್’ ಎಂಬಲ್ಲಿ ‘ಪರೀಕ್ಷೆಯೊಂದಿಗೆ’ ಎಂದು ಸೇರಿಸಿ, ಕಾಗುಣಿತ ತಿದ್ದಿ ಹಕ್ಕು ಕೇಳುವವರು ಇದ್ದೇ ಇರುತ್ತಾರೆ.

ಬಿಡುಗಡೆಯ ಹಕ್ಕು ನಿಮ್ಮೊಬ್ಬರಲ್ಲೇ ಉಳಿದಿರುವುದರಿಂದ ಒಂದು ಕೆಲಸ ಬಾಕಿಯಿದೆ. ಪೈಪಿಐನಲ್ಲಿ ‘ಓನರ್’ ಮತ್ತು ‘ಮೇಂಟೇನರ್’ ಎಂಬ ಎರಡು ಪಾತ್ರಗಳಿವೆ; ಮೇಂಟೇನರ್ ಆದವರು ಆವೃತ್ತಿ ಏರಿಸಬಹುದೇ ಹೊರತು ಬೇರೆಯವರನ್ನು ಸೇರಿಸಲು ಅಥವಾ ತೆಗೆಯಲು ಆಗುವುದಿಲ್ಲ. 2024ರ ಆರಂಭದಿಂದ ಅಲ್ಲಿ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ, ಆದ್ದರಿಂದ ನಿಮ್ಮ ಫೋನ್ ಕಳೆದುಹೋಗಿ ರಿಕವರಿ ಕೋಡ್‌ಗಳೂ ಸಿಗದಿದ್ದರೆ ಹೊಸ ಆವೃತ್ತಿ ಬಿಡಲು ಯಾರೂ ಇರುವುದಿಲ್ಲ. ಕೈಬಿಟ್ಟ ಪ್ಯಾಕೇಜ್‌ನ ಹೆಸರನ್ನು ಬೇರೆಯವರಿಗೆ ವರ್ಗಾಯಿಸಲು ಪೆಪ್ 541 ಎಂಬ ಪೈಥಾನ್ ದಾಖಲೆಯಲ್ಲಿ ವಿಧಾನವಿದೆಯಾದರೂ ಅದು ದೂರದ ದಾರಿ. ಹೊಸ ಸಹ-ಮೇಂಟೇನರ್‌ಗೆ ಬಿಡುಗಡೆ ಮಾಡುವ ಮನಸ್ಸಿಲ್ಲದಿರಬಹುದು. ನಿಮಗೆ ಪರಿಚಯವಿರುವ, ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡದ ಯಾರಾದರೂ ಎರಡನೆಯ ಓನರ್ ಆಗಿ ಹೆಸರಿಗೆ ಮಾತ್ರ ಇದ್ದರೂ ಸಾಕಾಗುತ್ತದೆ. ಗಿಟ್‌ಹಬ್ ಆರ್ಗನೈಸೇಶನ್‌ಗೂ ಅದೇ ರೀತಿ ಇನ್ನೊಬ್ಬ ಓನರ್ ಇರಲಿ, ಮತ್ತು ರಿಕವರಿ ಕೋಡ್‌ಗಳು ಫೋನ್‌ನಲ್ಲಿಯೇ ಇದ್ದರೆ ಇವತ್ತೇ ಅವುಗಳನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ.